ಪಡುವಣ ಗೋಡೆಗೆ ಕಟ್ಟಿದ ಎಲೆಗಳು

ನಾನು ಮೊದಲಿನಿಂದಲೂ ಪುಕ್ಕಲು. ಹಗ್ಗ ಕಂಡರೂ ಹಾವು ಅನ್ನುವವಳು. ಬಸ್ಸು ಕೊಂಚ ಜೋರಾಗಿ ತಿರುಗಿದರೂ ಸಾಕು, ಮುಂದಿನ ಸೀಟಿನ ಕಂಬಿ ಹಿಡಿದು ಮನೆದೇವರನ್ನು ಕರೆಯುತ್ತೇನೆ. ನಮ್ಮ ಯಜಮಾನರು ಹಾರನಹಳ್ಳಿಯ ಹೋಟೆಲಿನಲ್ಲಿ ಕೂತು ಇದನ್ನು ಕಂಡಕಂಡವರಿಗೆಲ್ಲ ಹೇಳಿ ನಗುತ್ತಿದ್ದರು. ಅವರಿಗೆ ಭಯವೇ ಇರಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯೊಳಗೆ, ಆ ತುದಿಯಿಂದ ಈ ತುದಿಗೆ ಹಾಕಿದ ಮರದ ಮೇಲೆ ಎರಡೂ ಕಾಲು ಅಗಲಿಸಿ ನಿಂತು, ಬೀಡಿ ಕಚ್ಚಿಕೊಂಡೇ ಸೊಪ್ಪಿನ ಕಡ್ಡಿ ಜೋಡಿಸುತ್ತಿದ್ದ ಮನುಷ್ಯ ಅವರು. ಕೆಳಗೆ ನಿಂತ ನನಗೆ ಅಂಗಾಲು ಬೆವರುತ್ತಿತ್ತು.

ಅವರ ಎರಡೂ ಕಿಡ್ನಿ ಕೈಕೊಟ್ಟವು. ಆಗಲೂ ಅವರು ಹೆದರಲಿಲ್ಲ, ಮತ್ತು ನನ್ನನ್ನು ನಿಜವಾಗಿ ಹೆದರಿಸಿದ್ದು ಅದೇ. ವಾರಕ್ಕೆ ಮೂರು ಸಲ ಹುಣಸೂರಿಗೆ ಹೋಗಿ, ಮಷೀನಿಗೆ ಕೈ ಕೊಟ್ಟು ನಾಲ್ಕು ಗಂಟೆ ಮಲಗಬೇಕು ಅಂದಾಗ ಸುಮ್ಮನೆ ತಲೆಯಾಡಿಸಿದರು. ಆಮೇಲೆ ಒಂದೊಂದು ದಿನ ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನಿಂತು, "ಸಾಕು ಬುಡಮ್ಮಿ, ಎಷ್ಟು ದಿನ ಇಂಗೆ ಓಡಾಡದು" ಅನ್ನತೊಡಗಿದರು. ಅದರಲ್ಲಿ ಸಿಟ್ಟೂ ಇರುತ್ತಿರಲಿಲ್ಲ, ದುಃಖವೂ ಇರುತ್ತಿರಲಿಲ್ಲ. ಸಾಕು, ಪಂಪು ನಿಲ್ಲಿಸು ಅನ್ನುವ ಹಾಗೆ ಹೇಳುತ್ತಿದ್ದರು. ಹೋಗುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದನ್ನು ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಅದೆಲ್ಲ ಗೊತ್ತಿದ್ದೂ ಹಾಗೆ ಅನ್ನಬಲ್ಲ ಗಂಡನ ಪಕ್ಕದಲ್ಲಿ ಯಾವ ಹೆಂಗಸಿಗೆ ನಿದ್ದೆ ಬಂದೀತು?

ಅವರಿಗೆ ಸಾಕೆನ್ನಿಸಿದ್ದು ಸೂಜಿಯಿಂದಲ್ಲ, ಬಿಸಿಲಿನಿಂದ. ನಮ್ಮ ಸರದಿ ಮಧ್ಯಾಹ್ನದ್ದು. ಡಯಾಲಿಸಿಸ್ ಕೇಂದ್ರ ಇದ್ದದ್ದು ಎರಡು ರಸ್ತೆ ಕೂಡುವ ಮೂಲೆಯ ಹಳೇ ಲಾಡ್ಜೊಂದರ ಕೆಳಗಿನ ಮಹಡಿಯಲ್ಲಿ. ಆ ಕಟ್ಟಡ ಕಟ್ಟಿಸಿದ ಪುಣ್ಯಾತ್ಮ ಒಂದಡಿ ಜಾಗವನ್ನೂ ರಸ್ತೆಗೆ ಬಿಡಬಾರದು ಅಂತ ಸೈಟಿನ ಗಡಿ ಹೋದ ಹಾಗೇ ಗೋಡೆ ಎಬ್ಬಿಸಿದ್ದ. ಪಡುವಣ ಗೋಡೆ ಒಂದು ಕಡೆ ಹೊಟ್ಟೆ ಬಿಟ್ಟುಕೊಂಡು, ಇನ್ನೊಂದು ಕಡೆ ಒಳಕ್ಕೆ ಮುದುಡಿ, ಮೆಟ್ಟಿಲ ಹತ್ತಿರ ಗುಂಡಗಾಗಿ ಹೋಗಿತ್ತು. ಆ ಉದ್ದಕ್ಕೂ ಗಾಜಿನ ಕಿಟಕಿ, ಕಿಟಕಿಯ ಬುಡದಲ್ಲೇ ಹಾಸಿಗೆಗಳು. ಮೂರು ಗಂಟೆಯ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು.

ಕಿಡ್ನಿ ಹೋದವರಿಗೆ ಬಾಯಾರಿಕೆ ಅಂದರೆ ಏನು ಅನ್ನುವುದು ಮನೆಯವರಿಗೆ ಮಾತ್ರ ಗೊತ್ತು. ಇಡೀ ದಿನಕ್ಕೆ ಇಷ್ಟೇ ನೀರು ಅಂತ ಅಳತೆ. ಕುಡಿದದ್ದು ಮೈಯಿಂದ ಹೋಗುವುದಿಲ್ಲ, ಕಾಲಿಗೆ ಇಳಿಯುತ್ತದೆ, ಎದೆಗೆ ಏರುತ್ತದೆ. ನೀರಿನ ಬಾಟಲಿ ನನ್ನ ಚೀಲದಲ್ಲಿರುತ್ತಿತ್ತು, ಅವರ ಕಣ್ಣು ಚೀಲದ ಮೇಲಿರುತ್ತಿತ್ತು. ಬಿಸಿಲಿಗೆ ತುಟಿ ಒಡೆದು, "ಒಂದು ಗುಟುಕು ಕೊಡಮ್ಮಿ" ಅಂದರೆ ನಾನು ಬೇಡ ಅನ್ನಬೇಕು. ಅಂಥ ಒಂದು ದಿನ ಮನೆಗೆ ಬಂದವರು ಚಪ್ಪಲಿ ಬಿಡುತ್ತಲೇ, "ಆ ಒಲೆ ಮುಂದೆ ಇನ್ನೊಂದು ಬ್ಯಾಸಗೆ ಮಲಗಾಕಿಲ್ಲ ನಾನು" ಅಂದುಬಿಟ್ಟರು. ಅವರು ಆಡಿದ ಮಾತಿಗೆ ತಪ್ಪುವವರಲ್ಲ. ನಾನು ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಆಸ್ಪತ್ರೆಯವರು ಏನೂ ಮಾಡಲಿಲ್ಲ ಅಂದರೆ ನಾಲಿಗೆಗೆ ಹುಳ ಬೀಳುತ್ತದೆ. ಪರದೆ ಹಾಕಿದರು, ಒಳಗೆ ಉಸಿರು ಕಟ್ಟಿತು. ಹಸಿರು ಬಲೆ ಕಟ್ಟಿದರು, ಆ ಡೊಂಕು ಗೋಡೆಗೆ ಅದು ಎಲ್ಲೂ ಕೂರದೆ ಜೋತುಬಿದ್ದು, ಮೊದಲ ಗಾಳಿಗೇ ಹರಿಯಿತು. ಮರ ನೆಡೋಣವೆಂದರೆ ರಸ್ತೆ ಗೋಡೆಗೇ ಅಂಟಿಕೊಂಡಿದೆ. ಕೊನೆಗೆ ಮೈಸೂರಿನಿಂದ ಒಬ್ಬ ಹುಡುಗಿ ಬಂದಳು. ಕಟ್ಟಡ ಕಟ್ಟುವ ವಿದ್ಯೆ ಓದಿದವಳು, ಗಿಡಗಳನ್ನು ನೋಡಿ ನೆರಳು ಮಾಡುತ್ತಾಳಂತೆ ಅಂತ ನರ್ಸು ಹೇಳಿದಳು.

"ಗಿಡ ನೋಡುದ್ರೆ ನೆರಳಾದದಾ? ನೆಡಬೇಕು" ಅಂದಳು ಕಟ್ಟೆಮಳಲವಾಡಿಯ ಅಕ್ಕ. ಅವಳ ಮಗಳಿಗೂ ಅದೇ ಹೊತ್ತಿನ ಸರದಿ. ನಾವಿಬ್ಬರೂ ವರಾಂಡದ ಒಂದೇ ಬೆಂಚಿನವರು.

ಹುಡುಗಿ ನಕ್ಕು ನಮ್ಮ ಪಕ್ಕದಲ್ಲೇ ಕೂತಳು. ಉರಿಬಿಸಿಲಿನಲ್ಲಿ ಬಾಳೆ ಎಲೆ ಏನು ಮಾಡುತ್ತದೆ ಹೇಳಿ ಅಂದಳು. ಮಡಿಚಿಕೊಳ್ಳುತ್ತದೆ ಅಂದೆವು. ಸಂಜೆಗೆ? ಹರಡಿಕೊಳ್ಳುತ್ತದೆ. "ಅದಕ್ಕೆ ಬಾಗಿಲಿನ ಥರ ಕೀಲು ಇದೆಯಾ ಅಮ್ಮ? ಇಲ್ಲ. ಕೀಲು ಕೂರಿಸೋಕೆ ನೆಟ್ಟಗಿರೋ ಅಂಚು ಬೇಕು. ಈ ಗೋಡೇಲಿ ನೆಟ್ಟಗಿರೋದು ಒಂದೂ ಇಲ್ಲ. ನಡುವಿನ ದಂಟು ಬಗ್ಗಿದರೆ ಎಲೆ ತಾನಾಗೇ ತಿರುಗೋ ಹಾಗೆ ಮಾಡಿದರೆ ಗೋಡೆ ಹೆಂಗಿದ್ದರೂ ನಡೆಯುತ್ತೆ" ಅಂದಳು. ಚೀಲದಿಂದ ಫೈಬರಿನ ಒಂದು ಎಲೆ ತೆಗೆದಳು. ತೋಳುದ್ದ, ಮೊರದಗಲ, ಬೆಣ್ಣೆಯ ಬಣ್ಣ. ದಂಟನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದಳು. ಎಲೆ ಪಕ್ಕಕ್ಕೆ ತಿರುಗಿ ಅಗಲವಾಯಿತು. ಬಿಟ್ಟಳು, ಮಡಿಚಿಕೊಂಡಿತು. ನನಗೆ ಅದು ಚೆಂದ ಕಂಡಿತು. ಅಂಚು ಮುಟ್ಟಿದೆ, ಕುಡುಗೋಲಿನ ಹಾಗಿತ್ತು. ಅವತ್ತೇ ಒಂದು ಅಳುಕು ಹುಟ್ಟಿತು, ಆದರೆ ನನ್ನ ಅಳುಕಿಗೆ ಯಾರು ಬೆಲೆ ಕೊಡುತ್ತಾರೆ.

ಗೋಡೆ ಬಾಗಿದ ಹಾಗೇ ಬಗ್ಗಿಸಿದ ಕಬ್ಬಿಣದ ಪೈಪುಗಳು ಬಂದವು. ಒಂದೊಂದು ಪೈಪಿಗೂ ಸಾಲಾಗಿ ಎಲೆ ಕಟ್ಟಬೇಕು. ಬೋಲ್ಟು ಹಾಕಿದರೆ ದಂಟು ಬಗ್ಗಿದಾಗಲೆಲ್ಲ ತೂತಿನ ಹತ್ತಿರ ಸೀಳುತ್ತದಂತೆ, ಅದಕ್ಕೇ ದಾರದಲ್ಲಿ ಬಿಗಿಯಬೇಕು. ಹುಡುಗಿಯ ಜೊತೆ ಬಂದಿದ್ದ ಕೆಲಸದವರು ಒಂದೆಲೆ ಕಟ್ಟುವುದಕ್ಕೇ ತಿಣುಕುತ್ತಿದ್ದರು. ಬೆಂಚಿನ ಮೇಲೆ ಕೂತ ನಮಗೆ ಅದನ್ನು ನೋಡಿ ಕೈ ತುರಿಸತೊಡಗಿತು. ಅಲ್ಲಿ ಕಾಯುತ್ತಿದ್ದ ಹೆಂಗಸರೆಲ್ಲ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆಯವರು, ಬುದ್ಧಿ ಬಂದಾಗಿನಿಂದ ಹೊಗೆಸೊಪ್ಪು ಕಟ್ಟಿದವರು. ಕಡ್ಡಿಯ ಆಚೆಗೊಂದು ಹಿಡಿ ಈಚೆಗೊಂದು ಹಿಡಿ ಎಲೆ ಇಟ್ಟು, ಒಂದೇ ದಾರವನ್ನು ಸುತ್ತುತ್ತ ಸುತ್ತುತ್ತ ಹೋದರೆ, ಮಾತಾಡುತ್ತಲೇ ಒಂದು ಕಡ್ಡಿ ಮುಗಿಯುತ್ತದೆ.

"ಕೊಡಿ ಮೇಡಂ ಇಲ್ಲಿ, ಒಳಗೆ ಅವರು ಮಲಗವ್ರೆ, ಒರಗೆ ನಾವೇನು ನೊಣ ಒಡೀತಾ ಕೂರದಾ" ಅಂತ ಕಟ್ಟೆಮಳಲವಾಡಿಯ ಅಕ್ಕ ಎದ್ದಳು. ನಾನೂ ಎದ್ದೆ. ಒಬ್ಬೊಬ್ಬರು ಒಂದೊಂದು ಪೈಪು ಹಿಡಿದೆವು. ಹುಡುಗಿ ಕೊಟ್ಟದ್ದು ಬಿಳಿ ನೈಲಾನ್ ದಾರ, ಕೈಯಲ್ಲಿ ನುಣ್ಣಗೆ ಹರಿಯುತ್ತಿತ್ತು. ಹುಡುಗಿ ಪ್ರತಿ ಎಲೆ ಎಳೆದು ನೋಡಿದಳು, ಒಂದೂ ಅಲುಗಲಿಲ್ಲ. ಪೈಪುಗಳನ್ನು ಮೇಲೆತ್ತಿ ಕೊಕ್ಕೆಗಳಿಗೆ ಕೂರಿಸಿದ ದಿನ ಆ ಡೊಳ್ಳುಹೊಟ್ಟೆಯ ಗೋಡೆಗೆ ಸೀರೆ ಉಡಿಸಿದ ಹಾಗಾಯಿತು. ತಾರಸಿಯ ಮೇಲಿನ ರಾಟೆ ತಿರುಗಿಸಿದರೆ ಎಲೆಗಳ ತುದಿಗೆ ಪೋಣಿಸಿದ ತಂತಿ ಬಿಗಿದು ದಂಟುಗಳು ಬಾಗುತ್ತಿದ್ದವು, ಎಲೆಗಳು ಒಂದೊಂದಾಗಿ ಅಗಲವಾಗುತ್ತಿದ್ದವು. ಸಡಿಲಿಸಿದರೆ ಮಡಿಚಿಕೊಂಡು ಗೋಡೆಗೆ ಒರಗುತ್ತಿದ್ದವು. ಯಜಮಾನರ ಕಿಟಕಿಯ ಮೇಲಿನ ಸಾಲು ನಾನು ಕಟ್ಟಿದ್ದು.

ಅವತ್ತಿನ ಮಧ್ಯಾಹ್ನ ಒಳಗೆ ಇಣುಕಿದೆ. ಅವರ ಮುಖದ ಮೇಲೆ ನೆರಳಿತ್ತು, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದರು. ಆಮೇಲೆ ನೀರು ಕೇಳುವುದು ಕಡಿಮೆಯಾಯಿತು. ಬಸ್ ಸ್ಟ್ಯಾಂಡಿನಲ್ಲಿ ಸಾಕು ಬುಡು ಅನ್ನುವ ಮಾತು ಬರದೆ ಒಂದು ವಾರ ಹೋಯಿತು, ಇನ್ನೊಂದು ಹೋಯಿತು. ಯುಗಾದಿಗೆ ಒಬ್ಬಟ್ಟು ಮಾಡಿದೆ. ಅವರಿಗೆ ಒಂದೇ ಒಂದು ಕೊಟ್ಟೆ. ಇನ್ನೊಂದಕ್ಕೆ ಜಗಳವಾಡಿದರು. ಜಗಳವಾಡುವ ಮನಸ್ಸು ಬಂತಲ್ಲ ಅಂತ ಒಳಗೊಳಗೇ ಹಿಗ್ಗಿದೆ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಮೆಟ್ಟಿಲ ಕಡೆಯ ಸಾಲಿನಲ್ಲಿ ಒಂದೆಲೆ ಬಿರುಕು ಬಿಟ್ಟಿದೆ ಅಂತ ಹುಡುಗಿ ಬದಲಾಯಿಸಲು ಬಂದಳು. ಸೆಕೆಯ ದಿನ. ಎಚ್.ಡಿ. ಕೋಟೆಯ ದಿಕ್ಕಿನಲ್ಲಿ ಮೋಡ ಕಪ್ಪಗೆ ಕಟ್ಟುತ್ತಿತ್ತು. ಒಳಗೆ ಅವರನ್ನೆಲ್ಲ ಮಷೀನಿಗೆ ಹಾಕಿ ಇನ್ನೂ ಎರಡು ಗಂಟೆಯೂ ಆಗಿರಲಿಲ್ಲ. ಆ ಸಾಲಿನ ತಂತಿಯನ್ನು ಕಳಚಿಟ್ಟು, "ನಡುವಿನ ಒಂದನ್ನ ಮಾತ್ರ ಬಿಚ್ಚೋದು ಹೇಗೆ?" ಅಂತ ಹುಡುಗಿ ಕೇಳಿದಳು. ಆ ಸಾಲು ಕಟ್ಟಿದ್ದ ಕಟ್ಟೆಮಳಲವಾಡಿಯ ಅಕ್ಕ, "ಅದೇನ್ ಮಾ ಕೆಲಸ ಬುಡಿ" ಅನ್ನುತ್ತ ಮೆಟ್ಟಿಲು ಹತ್ತಿ, ಪೈಪಿನ ತುದಿಯಲ್ಲಿ ನೇತಾಡುತ್ತಿದ್ದ ದಾರದ ಕೊನೆ ಹಿಡಿದು ಎಳೆದಳು.

ದಾರ ಸರ್ರನೆ ಜಾರಿ ಬಂತು. ಮೊದಲ ಎಲೆ ಬಿತ್ತು. ಅದರ ಹಿಂದೆ ಎರಡನೆಯದು, ಮೂರನೆಯದು. ಇಡೀ ಸಾಲು ಒಂದರ ಹಿಂದೊಂದು ಕಳಚಿ ಮೆಟ್ಟಿಲ ಮೇಲೆ ಬಡಿದು, ಒಂದೆಲೆ ಅಂಚಿನ ಮೇಲೆ ಕುಣಿಯುತ್ತ ಹೋಗಿ ಹೂವಿನ ಕುಂಡವನ್ನು ಎರಡು ಹೋಳು ಮಾಡಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅಕ್ಕ ದಾರ ಹಿಡಿದವಳು ಹಾಗೇ ನಿಂತಿದ್ದಳು.

ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೊಪ್ಪಿನ ಕಟ್ಟು ಕಟ್ಟುವುದೇ ಬಿಚ್ಚುವುದಕ್ಕಾಗಿ. ಬೆಂದು ಇಳಿದ ಕಡ್ಡಿಯಿಂದ ಸೊಪ್ಪನ್ನು ಒಂದೊಂದೇ ಬಿಡಿಸುತ್ತ ಕೂತರೆ ಎಲೆ ಪುಡಿಯಾಗುತ್ತದೆ, ಹೊತ್ತೂ ಸಾಲದು. ಅದಕ್ಕೇ ಕೊನೆಯ ಗಂಟು ಸಡಿಲಿಸಿ ಒಂದು ಎಳೆತ ಎಳೆದರೆ ಇಡೀ ಕಡ್ಡಿ ಖಾಲಿಯಾಗುವ ಹಾಗೆ ನಮ್ಮ ಅಜ್ಜಿಯರ ಕಾಲದಿಂದ ಕಟ್ಟುತ್ತ ಬಂದಿದ್ದೇವೆ. ಬೇರೆ ಕಟ್ಟು ಕೈಗೆ ಬರುವುದೇ ಇಲ್ಲ. ಮನೆಯ ಸಣಬಿನ ದಾರ ಕಚ್ಚಿಕೊಳ್ಳುತ್ತದೆ, ಬಿಚ್ಚುವ ತನಕ ಜಾರುವುದಿಲ್ಲ. ಇದು ನೈಲಾನು. ದಿನವೂ ಎಲೆ ತೆರೆದು ಮುಚ್ಚಿ ಕೊನೆಯ ಗಂಟುಗಳು ಕೂದಲೆಳೆಯಷ್ಟು ಜಾರುತ್ತ ಬಂದಿದ್ದವು.

ನಾನು ಯಜಮಾನರ ಕಿಟಕಿಯ ಕಡೆ ನೋಡಿದೆ. ನನ್ನ ಸಾಲಿನ ದಾರದ ತುದಿ ಗಾಳಿಗೆ ಅಲ್ಲಾಡುತ್ತಿತ್ತು. ಕಟ್ಟಿದ ದಿನ ಅದನ್ನು ಗೇಣುದ್ದ ಬಿಟ್ಟಿದ್ದೆ. ಈಗ ಮೊಳಕ್ಕಿಂತ ಉದ್ದವಾಗಿತ್ತು.

ಇಲ್ಲಿ ಎಲೆಗಳ ತುದಿಯನ್ನು ತಂತಿ ಇನ್ನೂ ಬಿಗಿದು ಎಳೆದಿತ್ತು. ಬುಡ ಕಳಚಿದರೆ ಅವು ನೆಲಕ್ಕೆ ಬೀಳುವುದಿಲ್ಲ, ಬಿಟ್ಟ ಬಿಲ್ಲಿನ ಹಾಗೆ ಹಾರಿ ಗಾಜಿಗೇ ಹೊಡೆಯುತ್ತವೆ. ಗಾಜಿನ ಆಚೆ ಅವರ ತಲೆ.

ಹುಡುಗಿಯ ಮುಖ ಬಿಳಿಚಿಕೊಂಡಿತ್ತು. "ಒಳಗಿನವರನ್ನ ಆಚೆ ಸರಿಸಿ" ಅಂತ ನರ್ಸಿಗೆ ಹೇಳಿದಳು. ಸರಿಸುವುದು ಹೇಗೆ? ಕೈಗೆ ಎರಡು ಸೂಜಿ, ಮೈಯ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ ಮಷೀನು ದಾಟಿ ಬರುತ್ತಿದೆ. ಅದನ್ನೆಲ್ಲ ಮೈಗೆ ವಾಪಸು ಕೊಟ್ಟು ಒಬ್ಬರನ್ನು ಬಿಡಿಸುವುದಕ್ಕೇ ಹೊತ್ತು ಬೇಕು, ಒಳಗೆ ಸಾಲು ತುಂಬ ಜನ. "ಶುರು ಮಾಡ್ತೀವಿ" ಅಂತ ನರ್ಸು ಓಡಿದಳು. ರಾಟೆ ಸಡಿಲಿಸಲು ಹುಡುಗಿ ತಾರಸಿಗೆ ಓಡಿದಳು. ಆಗಲೇ ರಸ್ತೆಯ ಧೂಳೆಲ್ಲ ಒಟ್ಟಿಗೆ ಎದ್ದಿತು.

ಹೆಂಗಸರು ಅವರವರ ಸಾಲಿನ ತುದಿಗೆ ಓಡಿದರು. ಯಾರ ತುದಿ ಎಲ್ಲಿದೆ ಅಂತ ಅವರಿಗೇ ಗೊತ್ತು. ಕೆಳಗಿನ ಸಾಲಿನ ತುದಿಗಳು ನಿಂತರೆ ಕೈಗೆ ಸಿಗುತ್ತಿದ್ದವು. ನನ್ನದು ಮೇಲಿನದು, ಕಿಟಕಿಯ ಮೇಲೆ ಚಾಚಿದ ಸಜ್ಜೆಗೆ ಹತ್ತಬೇಕು. ಬೆಂಚು ಎಳೆದುಕೊಂಡು, ಕಿಟಕಿಯ ಸರಳಿಗೆ ಕಾಲು ಕೊಟ್ಟು ಹೇಗೆ ಹತ್ತಿದೆನೋ ಇವತ್ತಿಗೂ ತಿಳಿಯದು. ಅಟ್ಟದ ಏಣಿ ಹತ್ತಲು ಮೊಮ್ಮಗಳನ್ನು ಕರೆಯುವವಳು ನಾನು. ಹೊಟ್ಟೆಯ ಮೇಲೆ ಸಜ್ಜೆಗೆ ಉರುಳಿಕೊಂಡು, ಮಂಡಿ ಊರಿ, ಗೋಡೆ ಹಿಡಿದು ಎದ್ದೆ. ಕೆಳಗೆ ನೋಡಬಾರದು ಅಂದುಕೊಂಡೇ ನೋಡಿದೆ. ರಸ್ತೆಯಲ್ಲಿ ಒಬ್ಬ ಸ್ಕೂಟರ್ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

ದಾರದ ತುದಿ ಹಿಡಿದ ಗಳಿಗೆಗೆ ಗಾಳಿ ಎಲೆಗಳಿಗೆ ತುಂಬಿತು. ಕೊನೆಯ ಗಂಟು ನನ್ನ ಕಣ್ಣೆದುರೇ ಬಿಚ್ಚಿಕೊಂಡಿತು. ಪೈಪಿಗೆ ಎರಡು ಸುತ್ತು ಹಾಕಿ, ಉಳಿದದ್ದನ್ನು ಅಂಗೈಗೆ ಸುತ್ತಿಕೊಂಡು ಜಗ್ಗಿ ಹಿಡಿದೆ. ಗಂಟು ಹಾಕಲು ಎರಡು ಕೈ ಬೇಕು, ಒಂದು ಕೈ ಬಿಟ್ಟರೆ ನಾನೇ ಬೀಳುತ್ತೇನೆ. ಇಡೀ ಸಾಲು ಕೊಡವುತ್ತಿತ್ತು, ಹಗ್ಗ ಹರಿದುಕೊಳ್ಳಲು ನೋಡುವ ಹೋರಿಯ ಹಾಗೆ. ಪ್ರತಿ ಕೊಡವಿಗೂ ದಾರ ಅಂಗೈಯೊಳಗೆ ಒಂದಿಷ್ಟು ಕೊಯ್ದುಕೊಂಡು ಹೋಗುತ್ತಿತ್ತು. ದೇವರ ಹೆಸರು ಒಂದೂ ನೆನಪಿಗೆ ಬರಲಿಲ್ಲ. ನಾನು ಗಟ್ಟಿಯಾಗಿ ಅಳುತ್ತಿದ್ದೆ. ಅಳುವುದಕ್ಕೆ ನಾಚಿಕೆಯೇನೂ ಆಗಲಿಲ್ಲ.

ಕರೆಂಟು ಹೋಯಿತು. ಮಷೀನುಗಳು ಒಟ್ಟಿಗೆ ಕೂಗಿಕೊಂಡವು. ಬಗ್ಗಿ ನೋಡಿದರೆ ಕಿಟಕಿಯ ಮೇಲಿನ ಗಾಜಿನಲ್ಲಿ ಒಳಗಿನ ಕತ್ತಲು, ಮಷೀನಿನ ಸಣ್ಣ ದೀಪಗಳು. ಅವರ ಹಾಸಿಗೆ ನನ್ನ ಕಾಲಬುಡದಲ್ಲೇ ಇತ್ತು. ಅವರ ಬಿಳಿ ಅಂಗಿ ಎದ್ದು ಕೂತ ಹಾಗೆ ಕಂಡಿತು. ಯಾಕೆ ಎದ್ದರು, ಏನಾಯಿತು, ರಕ್ತ ನಿಂತುಹೋಯಿತಾ? ಕೇಳಲು ಯಾರೂ ಇಲ್ಲ. ಕೈ ಬಿಟ್ಟು ಇಳಿದು ಹೋಗೋಣವೆಂದರೆ ನಾನು ಬಿಟ್ಟ ದಾರವೇ ಅವರಿಗೆ ಯಮ. ನನ್ನ ಜೀವಮಾನದ ಹೆದರಿಕೆಯೆಲ್ಲ ಒಂದು ಕಡೆ, ಆ ಹೊತ್ತು ಒಂದು ಕಡೆ. ಅವರು ಒಳಗೆ ಸಾಯುತ್ತಿದ್ದಾರೆ, ನಾನು ದಾರ ಹಿಡಿದುಕೊಂಡು ನಿಂತಿದ್ದೇನೆ ಅಂತಲೇ ನಂಬಿದೆ.

ಜನರೇಟರು ಗುಡುಗುಡು ಎಂದಿತು. ದೀಪ ಬಂತು. ಮೇಲಿನಿಂದ ಹುಡುಗಿ, "ಬಿಟ್ಟೆ ಅಮ್ಮ, ಬಿಟ್ಟೆ" ಅಂತ ಕೂಗಿದಳು. ತಂತಿ ಸಡಿಲಾಯಿತು, ಎಲೆಗಳು ಒಂದೊಂದಾಗಿ ಮಡಿಚಿಕೊಂಡು ಗೋಡೆಗೆ ಒರಗಿದವು. ಅಂಗೈಯ ಎಳೆತ ನಿಂತಿತು. ಆಮೇಲೆ ಮಳೆ ಬಂತು, ದಪ್ಪ ಹನಿ, ಆಲಿಕಲ್ಲು. ಕೆಲಸದವನೊಬ್ಬ ಏಣಿ ತಂದು ತುದಿಗೆ ತಂತಿ ಬಿಗಿಯುವವರೆಗೂ ನಾನು ಕೈ ಬಿಚ್ಚಲಿಲ್ಲ. ಬಿಚ್ಚು ಅಂದರೂ ಬೆರಳು ಬಿಚ್ಚಿಕೊಳ್ಳಲಿಲ್ಲ, ಅವನೇ ಒಂದೊಂದಾಗಿ ಬಿಡಿಸಿದ.

ಒಳಗೆ ಹೋದಾಗ ಅವರ ಹಾಸಿಗೆಯ ಹೊದಿಕೆಯ ಮೇಲೆ ರಕ್ತ. ನೆಲದ ಮೇಲೂ ರಕ್ತ. ನರ್ಸು ಅವರ ತೋಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತಿದ್ದಳು. ನಾನು ಹಾಸಿಗೆಯ ಸರಳು ಹಿಡಿದು ಬಗ್ಗಿದೆ.

"ಏನಿಲ್ಲ ಅಮ್ಮ, ನಿಂತಿದೆ" ಅಂದಳು. "ಕರೆಂಟು ಹೋದಾಗ ಇವರು ಸೂಜಿ ಕಿತ್ಕೊಳ್ಳೋಕೆ ಹೋದರು. ಒಂದು ಕಿತ್ತೂಬಿಟ್ಟರು. ನಾನು ಹಿಡ್ಕೊಳ್ಳದೇ ಇದ್ದಿದ್ದರೆ ಎದ್ದು ಬರ್ತಿದ್ದರು."

ಸಾಕು ಅನ್ನಿಸಿ ಕಿತ್ತುಕೊಂಡರು ಅಂತಲೇ ನಾನು ತಿಳಿದೆ. ಇಷ್ಟು ದಿನ ಬಾಯಲ್ಲಿ ಆಡುತ್ತಿದ್ದದ್ದನ್ನು ಕತ್ತಲಾದ ಕೂಡಲೇ ಮಾಡಿಬಿಟ್ಟರು. ಎಲ್ಲಿಲ್ಲದ ಸಿಟ್ಟು ಬಂತು. ದಾರ ಕೊಯ್ದ ಕೈಯನ್ನು ಅವರ ಮುಖದ ಮುಂದೆ ಹಿಡಿದು, "ಇದಕ್ಕಾ ನಾನು ಮ್ಯಾಲೆ ನಿಂತಿದ್ದು? ಒಂದು ಮಾತು ಹೇಳಿದ್ರೆ ಬುಟ್ಟುಬುಡ್ತಿದ್ನಲ್ಲ" ಅಂದೆ.

ಅವರು ನನ್ನ ಕೈ ನೋಡಿದರು. ಅವರ ತುಟಿ ಅದುರುತ್ತಿತ್ತು. ಬ್ಯಾರನ್ನಿಗೆ ಬೆಂಕಿ ಬಿದ್ದ ವರ್ಷವೂ ಅದುರದಿದ್ದ ತುಟಿ ಅದು.

"ಗಾಜ್ನಲ್ಲಿ ನಿನ್ ಕಾಲು ಕಾಣಿಸ್ತು ಕಣಮ್ಮಿ" ಅಂದರು. "ಸಜ್ಜೆ ತುದೀಲಿ, ಅರ್ಧ ಪಾದ ಆಚೆಗೆ. ಅಲ್ಲಾಡ್ತಿತ್ತು. ಕೂಗ್ದೆ, ನಿಂಗೆ ಕೇಳ್ನಿಲ್ಲ. ಇಡ್ಕಳವಾ ಅಂತ ಎದ್ದೆ."

ಆಮೇಲೆ ಎಷ್ಟು ಹೊತ್ತಾದರೂ ಅವರು ನನ್ನ ಕೈ ಬಿಡಲಿಲ್ಲ. ನರ್ಸು ಮತ್ತೆ ಮತ್ತೆ ಬಿ.ಪಿ. ನೋಡಿದಳು.

ಸಾಲುಗಳನ್ನೆಲ್ಲ ಇಳಿಸಿ, ಪ್ರತಿ ಎಲೆಗೂ ಬೇರೆ ಬೇರೆ ದಾರ, ಬೇರೆ ಗಂಟು ಹಾಕಿ ಮತ್ತೆ ಏರಿಸುವವರೆಗೆ ನಮ್ಮ ಸರದಿಯನ್ನು ಬೆಳಿಗ್ಗೆಗೆ ಬದಲಾಯಿಸಿದರು. ಹೊಸ ಗಂಟನ್ನು ಆ ಹುಡುಗಿಯೂ ನಾವೂ ಒಟ್ಟಿಗೇ ಕೂತು ಕಲಿತೆವು. ಕಟ್ಟೆಮಳಲವಾಡಿಯ ಅಕ್ಕ ಒಂದೊಂದು ಗಂಟನ್ನೂ ಹಲ್ಲಿನಲ್ಲಿ ಕಚ್ಚಿ ಎಳೆದು ನೋಡುತ್ತಿದ್ದಳು. ಈಗಲೂ ಗಾಳಿ ಎದ್ದರೆ ಬೆಂಚಿನ ಮೇಲಿನ ಹೆಂಗಸರೆಲ್ಲ ಮಾತು ನಿಲ್ಲಿಸಿ ತಲೆ ಎತ್ತುತ್ತೇವೆ.

ಮನೆಯಲ್ಲಿ ಅವರು ಬೇರೆಯವರೇ ಆದರು. ನಾನು ಹಿತ್ತಲಿಗೆ ಹೋದರೆ ಎಲ್ಲಿ ಅಂತ ಕೇಳುತ್ತಾರೆ. ಬಚ್ಚಲಿನಲ್ಲಿ ಸ್ವಲ್ಪ ಹೊತ್ತಾದರೆ ಬಾಗಿಲು ತಟ್ಟುತ್ತಾರೆ. ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಕಡೆ ಕೂರಿಸಿ, ಸೂಜಿ ಚುಚ್ಚದ ಕೈಯಿಂದ ನನ್ನ ಸೆರಗಿನ ತುದಿ ಹಿಡಿದುಕೊಂಡಿರುತ್ತಾರೆ. ಹೋದ ವಾರ ಜ್ವರ ಬಂದು ನಾನು ಮಲಗಿದ್ದೆ, ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ, ನಾಳೆ ಹೋಗೋಣ ಅಂತ ನಾನೇ ಬಾಯಿ ತಪ್ಪಿ ಅಂದೆ. ಅವರು ಒಪ್ಪಲಿಲ್ಲ. ಪಕ್ಕದ ಮನೆಯವನನ್ನು ಜೊತೆ ಮಾಡಿಕೊಂಡು ಹೊರಟರು.

ಹೊಸ್ತಿಲಲ್ಲಿ ನಿಂತು, "ನಾನು ಓದ್ರೆ ನೀನು ಒಬ್ಳೇ ಆಯ್ತೀಯ. ಅದು ನೆನುಸ್ಕಂಡ್ರೆ ಎದ್ರಿಕೆ ಆಯ್ತದೆ ಕಣಮ್ಮಿ" ಅಂದರು.

ಅಷ್ಟು ವರ್ಷ ನಮ್ಮ ಮನೆಯಲ್ಲಿ ಹೆದರುತ್ತಿದ್ದವಳು ನಾನೊಬ್ಬಳೇ. ಅವರು ಬಸ್ಸಿಗೆ ಹೋದ ಮೇಲೆ ಕಂಬಳಿ ಹೊದ್ದು ಮಲಗಿದೆ. ಜ್ವರದಲ್ಲೂ ನಿದ್ದೆ ಬಂತು.